ಅಪ್ಪನ ರಟ್ಟೆಯೊಳಗೆ ಒಂದು ರಾಡು

ನಮ್ಮ ನಡುಮನೆ ಗೋಡೆ ಮೇಲೆ ಸೀಮೆಸುಣ್ಣದ ಗೆರೆಗಳಿವೆ, ಬಂದೋರೆಲ್ಲ ಮಕ್ಕಳ ಎತ್ತರ ಅಳ್ದಿರೋದಾ ಅಂತ ಕೇಳ್ತಾರೆ. ಅಲ್ಲ, ಅದು ಅಪ್ಪನ ಬಲಗೈ ಲೆಕ್ಕ.

ನಾಲ್ಕು ತಿಂಗಳ ಹಿಂದೆ ಕೋಲಾರದ ಮಂಡಿಗೆ ಟೊಮ್ಯಾಟೊ ಹಾಕಿ, ಬಿಲ್ ಇಸ್ಕೊಂಡು ವಾಪಸ್ ಬರ್ತಾ ಟಿವಿಎಸ್‌ನಿಂದ ಬಿದ್ರು. ಎಕ್ಸ್‌ರೇ ಬರೋಕೆ ಮುಂಚೆನೇ ಮಾವ "ಪುತ್ತೂರಿಗೆ ಹೋಗಿ ಕಟ್ಟು ಹಾಕಿಸ್ಕೊಂಡು ಬಂದ್ಬಿಡಣ ಬಾ ಭಾವ" ಅಂತ ಕಾರ್ ಕೀ ಹಿಡ್ಕೊಂಡು ನಿಂತಿದ್ರು, ನಮ್ಮ ಕಡೆ ಕೈಕಾಲು ಮುರಿದ್ರೆ ಮೊದಲು ನೆನಪಾಗೋದು ಆಂಧ್ರದ ಪುತ್ತೂರೇ. ಆಪರೇಷನ್ ಬೇಡ ಅನ್ನೋ ಮಾವನ ಮಾತು ಪೂರ್ತಿ ತಪ್ಪೂ ಅಲ್ಲ, ರಟ್ಟೆ ಮೂಳೆ ಒಂದು ಕಡೆ ಮುರಿದಿದ್ರೆ ಎಷ್ಟೋ ಸಲ ಬರೀ ಬ್ರೇಸ್‌ನಲ್ಲೇ, ಅಂದ್ರೆ ಹೊರಗಿಂದ ಬಿಗಿಯೋ ಪಟ್ಟೀಲೇ, ಕೂಡ್ಕೊಳ್ಳುತ್ತಂತೆ. ಅಪ್ಪಂದು ಎರಡು ಕಡೆ ಮುರಿದು, ನಡುವಿನ ತುಂಡು ಒಂಟಿಯಾಗಿ ನಿಂತಿತ್ತು.

ಮೂಳೆ ಮೇಲೆ ಲೋಹದ ಪ್ಲೇಟ್ ಹಾಕೋದಾದ್ರೆ ಉದ್ದಕ್ಕೆ ಕುಯ್ಬೇಕು, ಮೂಳೆ ಹಿಂದೆ ಬಳ್ಳಿ ಥರ ಸುತ್ಕೊಂಡು ಹೋಗೋ ರೇಡಿಯಲ್ ನರಾನ ಬಿಡಿಸಿ ಕಾಪಾಡ್ಬೇಕು, ಅದಕ್ಕೇ ರಾಡ್ ಅಂದ್ರು ಡಾಕ್ಟ್ರು. ಭುಜದ ಹತ್ರ ಸಣ್ಣದಾಗಿ ಕುಯ್ದು, ಸಿ-ಆರ್ಮ್ ಅನ್ನೋ ಎಕ್ಸ್‌ರೇ ಮೆಷಿನ್‌ನಲ್ಲಿ ನೋಡ್ಕೊಂಡು ಮೂಳೆ ಒಳಗಿನ ಪೊಳ್ಳಲ್ಲೇ ಕೆಳಕ್ಕಿಳಿಸಿ, ಮೇಲೊಂದೆರಡು ಕೆಳಗೊಂದೆರಡು ಸ್ಕ್ರೂ, ಇಲ್ಲಾಂದ್ರೆ ತುಂಡುಗಳು ರಾಡ್ ಸುತ್ತ ತಿರುಗ್ತಾವೆ. ಅಪ್ಪ ಕೇಳ್ಕೊಂಡು "ಅಂದ್ರೆ ಬೋರ್‌ಗೆ ಕೇಸಿಂಗ್ ಪೈಪ್ ಇಳಿಸ್ದಂಗೆ ಅನ್ನಿ" ಅಂದ್ರು. ಡಾಕ್ಟ್ರು ನಕ್ಕು, 1939ರಲ್ಲಿ ಜರ್ಮನಿಯ ಸರ್ಜನ್ ಕುಂಟ್ಶರ್ ತೊಡೆ ಮೂಳೆಗೆ ಇದೇ ಥರ ರಾಡ್ ಹೊಡ್ದಿದ್ರು ಅಂದ್ರು. ಆಪರೇಷನ್‌ಗೆ ಮುಂಚೆನೂ ಆಮೇಲೂ "ಹೆಬ್ಬೆಟ್ಟು ಎತ್ತಿ, ಮಣಿಕಟ್ಟು ಎತ್ತಿ" ಅಂತ ಹತ್ತು ಸಲ ಕೇಳಿದ್ರು, ನರ ಕೆಲಸ ಮಾಡ್ತಿದೆಯಾ ನೋಡೋಕೆ.

ನನ್ನ ಸಿಟ್ಟು ಇರೋದು ಒಂದೇ. ಮುರಿದ ಜಾಗದ ನೋವು ಬೇಗ ಕಮ್ಮಿಯಾಯ್ತು, ಪೆಟ್ಟೇ ಬೀಳದ ಭುಜ ಮಾತ್ರ ರಾತ್ರಿಯೆಲ್ಲ ನಿದ್ದೆ ಕೆಡಿಸ್ತು. ರಾಡ್ ಒಳಗೆ ಹೋಗೋದು ಕೈ ಎತ್ತೋ ಮಾಂಸಖಂಡದ ತುದಿ ಸೀಳ್ಕೊಂಡೇ, ಆಮೇಲೆ ಹೊಲೀತಾರೆ ನಿಜ, ಆದ್ರೆ ಭುಜ ನೋಯೋದು, ಬಿಗಿಯಾಗೋದು ಮಾಮೂಲಂತೆ. ಮುಂಚೆ ಯಾರೂ ಹೇಳ್ಲಿಲ್ಲ. ಅಥವಾ ಸೈನ್ ಹಾಕಿಸ್ಕೊಳ್ಳೋವಾಗ ಹೇಳಿದ್ರೋ ಏನೋ, ಆ ಹೊತ್ತಲ್ಲಿ ಯಾರ ಕಿವಿಗೆ ಬೀಳುತ್ತೆ ಹೇಳಿ. ಅಪ್ಪ ಅಂತೂ ರಾಡೇ ಜರುಗಿದೆ ಅಂತ ಹೆದರಿ ಎರಡು ವಾರ ಕೈನೇ ಆಡಿಸ್ಲಿಲ್ಲ, ಭುಜ ಇನ್ನೂ ಬಿಗೀತು.

ಈಗ ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳು ಹತ್ತಿಸ್ತಾರೆ, ಇರುವೆ ಹತ್ತಿದಂಗೆ, ಅಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೀತಾರೆ. ಸ್ವಿಚ್‌ಬೋರ್ಡ್ ದಾಟಾಯ್ತು. ಕ್ಯಾಲೆಂಡರ್ ಮೊಳೆಗೆ ಇನ್ನು ನಾಲ್ಕು ಬೆರಳು ಬಾಕಿ, ಅಲ್ಲೀವರೆಗೂ ಹಾಳೆ ಹರಿಯೋದು ಎಡಗೈಲೇ.