ಪೆನ್ನು ಜಾರಿದ ಕಾರ್ಡು

ಹೋದ ವರ್ಷದ ಮಾರ್ಚಿನಲ್ಲಿ ವಿಜಯಪುರದ ಎಪಿಎಂಸಿ ಪ್ರಾಂಗಣದಲ್ಲಿ ಒಣದ್ರಾಕ್ಷಿಯ ಮಾದರಿ ಹಿಡಿದು ನಿಂತಿದ್ದಾಗ, ಹಿರಿಯ ವ್ಯಾಪಾರಿಯೊಬ್ಬರಿಗೆ ನನ್ನ ಹೊಸ ವಿಜಿಟಿಂಗ್ ಕಾರ್ಡನ್ನು ಕೊಟ್ಟೆ. ಅವರು ಅದನ್ನು ಓದಲಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಅಂಗಿಯ ಕಿಸೆಯಿಂದ ಬಾಲ್‌ಪೆನ್ನು ತೆಗೆದು, ಕಾರ್ಡನ್ನು ಹೊರಳಿಸಿ ಹಿಂಬದಿಯಲ್ಲಿ ದರ ಬರೆಯಲು ಹೋದರು. ಪೆನ್ನು ಜಾರಿತು. ಎರಡನೆಯ ಸಲ ಒತ್ತಿ ಬರೆದಾಗ ಅರೆಬರೆ ಮೂಡಿದ ಮಸಿಯನ್ನು ದ್ರಾಕ್ಷಿಯ ಅಂಟು ಹತ್ತಿದ ಅವರ ಹೆಬ್ಬೆರಳೇ ಒರೆಸಿ ಹಾಕಿತು. “ಗೌಡ್ರ, ಕಾರ್ಡ್ ಭಾಳ ಚಂದ ಐತ್ರಿ, ಆದ್ರ ಇದರ ಮ್ಯಾಲ ಪೆನ್ನ ನಡ್ಯೂದಿಲ್ಲಲ್ರಿ” ಎಂದು ನಕ್ಕು, ಕಿಸೆಯಲ್ಲಿದ್ದ ಬೇರೆ ಯಾರದೋ ಕಾರ್ಡನ್ನು ತೆಗೆದು, ಅದರ ಹಿಂದೆ ನನ್ನ ಹೆಸರು, ನಂಬರು, ದರ ಎಲ್ಲವನ್ನೂ ಬರೆದುಕೊಂಡರು. ನನ್ನ ಮಾಲಿನ ಲೆಕ್ಕ ಇನ್ನೊಬ್ಬರ ಕಾರ್ಡಿನ ಬೆನ್ನೇರಿ ಹೋಯಿತು.

ಆ ಕಾರ್ಡನ್ನು ನಾನು ಬಹಳ ಹೆಮ್ಮೆಯಿಂದ ಮಾಡಿಸಿದ್ದೆ. ತಿಕೋಟಾ ಕಡೆಯ ನಮ್ಮ ತೋಟದ ಮಣೂಕವನ್ನು, ಅಂದರೆ ಒಣದ್ರಾಕ್ಷಿಯನ್ನು, ಪೂರ್ತಿ ದಲಾಲರ ಕೈಗೆ ಒಪ್ಪಿಸದೆ, ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ ಮಾಡಿ ನಾವೇ ಮಾರಬೇಕೆಂದು ನಿರ್ಧರಿಸಿದ ವರ್ಷವದು. ಊರಿನ ಡಿಟಿಪಿ ಅಂಗಡಿಯೊಂದರಲ್ಲಿ ಕುಳಿತು, ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರದ ಆ ಜಾಗದಲ್ಲಿ ನನಗೆ ಗೊತ್ತಿದ್ದುದನ್ನೆಲ್ಲ ತುರುಕಿಸಿದ್ದೆ: ನನ್ನ ಮತ್ತು ತಮ್ಮನ ಹೆಸರು, ನಾಲ್ಕು ಫೋನ್ ನಂಬರು, ಹದಿನೈದು ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಹದಿನಾಲ್ಕು ಅಂಕಿಗಳ ಆಹಾರ ಪರವಾನಗಿ ಸಂಖ್ಯೆ, ಮೂಲೆಯಲ್ಲಿ ಗೋಳಗುಮ್ಮಟ. ಜಿಎಸ್‌ಟಿ ಸಂಖ್ಯೆ ಬಿಲ್ಲಿನ ಮೇಲೆ ಇರಬೇಕಾದದ್ದು, ಪರವಾನಗಿ ಸಂಖ್ಯೆ ಪ್ಯಾಕೆಟ್ಟಿನ ಮೇಲೆ. ಕಾರ್ಡಿನಲ್ಲಿ ಅವನ್ನು ಯಾರೂ ಹುಡುಕುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಇನ್ನು ಗುಮ್ಮಟದ ವಿಷಯ: 1656ರಲ್ಲಿ ಮುಗಿದ, ಸುಮಾರು 44 ಮೀಟರ್ ವ್ಯಾಸದ ಗುಮ್ಮಟವನ್ನು ಅರ್ಧ ಇಂಚಿಗೆ ಇಳಿಸಿದರೆ ಅದು ಬೋರಲು ಹಾಕಿದ ಚಹಾದ ಕಪ್ಪಿನ ಹಾಗೆ ಕಾಣುತ್ತದೆ. ನಮ್ಮೂರಿನ ಹೋಟೆಲ್, ಟ್ರಾವೆಲ್ಸ್, ಟೈಲ್ಸ್ ಅಂಗಡಿಗಳ ಕಾರ್ಡುಗಳಲ್ಲೂ ಅದೇ ಕಪ್ಪು ಇರುವುದರಿಂದ ಅದು ನನ್ನ ಗುರುತೂ ಆಗಲಿಲ್ಲ. ಇದೆಲ್ಲದರ ಮೇಲೆ, ಶ್ರೀಮಂತವಾಗಿ ಕಾಣಲೆಂದು ಎರಡೂ ಬದಿಗೆ ಮ್ಯಾಟ್ ಲ್ಯಾಮಿನೇಷನ್. ಪೆನ್ನು ಜಾರಿದ್ದು ಆ ಪ್ಲಾಸ್ಟಿಕ್ ಪದರದ ಮೇಲೆ.

ಸಾವಿರ ಕಾರ್ಡುಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಉಳಿದಿದ್ದರೂ ಮುಂದಿನ ವಾರವೇ ಬೇರೊಬ್ಬ ಪ್ರೆಸ್ಸಿನವರ ಬಳಿಗೆ ಹೋದೆ. ನನ್ನ ಕಾರ್ಡನ್ನು ಅವರು ಮೊದಲು ಕೈ ಚಾಚಿ ದೂರ ಹಿಡಿದು ನೋಡಿದರು, ಆಮೇಲೆ ಕನ್ನಡಕ ಏರಿಸಿ ಹತ್ತಿರ ತಂದರು. “ಒಣದ್ರಾಕ್ಷಿ ಅನ್ನೂದು ಎಲ್ಲೈತ್ರಿ?” ಎಂದರು. ಅದು ಇತ್ತು, ಆದರೆ ಕಡುಕಂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ, ತೀರ ಸಣ್ಣದಾಗಿ. ನಾಲ್ಕು ಬಣ್ಣಗಳು ಒಂದರ ಮೇಲೊಂದು ಕೂಡಿ ಬರುವಾಗ ಕೂದಲೆಳೆಯಷ್ಟು ಸರಿದರೂ, ಅಂಥ ಬಿಳಿ ಅಕ್ಷರಗಳ ತೆಳು ಗೆರೆಯೊಳಗೆ ಬಣ್ಣ ತುಂಬಿಕೊಳ್ಳುತ್ತದೆ. ಅವರು ಭೂತಗನ್ನಡಿ ಕೊಟ್ಟರು. ‘ದ್ರಾ’ ಅಕ್ಷರದ ರಕಾರದ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ ತಾಗಿ ಒಂದೇ ಗಂಟಾಗಿತ್ತು. ‘ಕ್ಷಿ’ಯ ಹೊಟ್ಟೆ ಮುಚ್ಚಿಹೋಗಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬಿಡಬೇಕು ಎಂಬ ಇಷ್ಟು ಸರಳ ಸಂಗತಿಯನ್ನು, ಕನ್ನಡವನ್ನೇ ಓದಿ ಬೆಳೆದ ನಾನು ಅಂದು ಮೊದಲ ಬಾರಿಗೆ ಕಣ್ಣಾರೆ ಕಂಡೆ.

ಆ ಮಧ್ಯಾಹ್ನವೆಲ್ಲ ತೆಗೆದು ಹಾಕುವ ಕೆಲಸವೇ ನಡೆಯಿತು. ನಾಲ್ಕು ನಂಬರುಗಳಲ್ಲಿ ಒಂದು ಉಳಿಯಿತು, ತಮ್ಮನ ಹೆಸರು ಹೋಯಿತು (ಅವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ), ಗುಮ್ಮಟ ಹೋಯಿತು. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ, ಎಲ್ಲಕ್ಕಿಂತ ದೊಡ್ಡದಾಗಿ ‘ಒಣದ್ರಾಕ್ಷಿ’, ಅದರ ಕೆಳಗೆ ನನ್ನ ಹೆಸರು. ವಿಳಾಸದ ಸಾಲು ಮಾತ್ರ ಚರ್ಚೆಗೆ ಬಂತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು; ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರವಿದೆ, ಛತ್ತೀಸಗಡದಲ್ಲಿ ಒಂದು ಬಿಜಾಪುರವೂ ಇದೆ. ಪರಊರಿನ ಗಿರಾಕಿಗೆ ಗೊಂದಲವಾಗದಿರಲೆಂದು ಊರಿನ ಹೆಸರಿನ ಪಕ್ಕದಲ್ಲೇ 586101 ಎಂಬ ಪಿನ್ ಕೋಡನ್ನು ದಪ್ಪಕ್ಷರದಲ್ಲಿ ಹಾಕಿದೆವು. ಮಗನ ಒತ್ತಾಯಕ್ಕೆ ಸಣ್ಣ ಕ್ಯೂಆರ್ ಕೋಡಿಗೆ ಒಪ್ಪಿದೆ, ಸುತ್ತಲೂ ಖಾಲಿ ಅಂಚು ಬಿಡಬೇಕೆಂಬ ಪ್ರೆಸ್ಸಿನವರ ಷರತ್ತಿನ ಮೇಲೆ.

ಹಿಂಬದಿಗೆ ಮಾತ್ರ ಲ್ಯಾಮಿನೇಷನ್ ಬೇಡವೆಂದು ನಾನು ಹೇಳಿದಾಗ ಅವರು ಒಪ್ಪದೆ ತಲೆಯಾಡಿಸಿದರು. ಒಂದೇ ಬದಿಗೆ ಪ್ಲಾಸ್ಟಿಕ್ ಅಂಟಿಸಿದರೆ ಕಾರ್ಡು ಹಪ್ಪಳದಂತೆ ಸುರುಳಿಯಾಗುತ್ತದಂತೆ. ಕೊನೆಗೆ ಲ್ಯಾಮಿನೇಷನ್ನನ್ನೇ ಕೈಬಿಟ್ಟು, ಮುಂಬದಿಗೆ ಮಾತ್ರ ನಯವಿದ್ದು ಹಿಂಬದಿ ಒರಟಾಗಿರುವ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಬೋರ್ಡನ್ನು ಆರಿಸಿದರು. ಚೂರೊಂದನ್ನು ಕತ್ತರಿಸಿ ಕೊಟ್ಟು “ಬರ್ದ್ ನೋಡ್ರಿ” ಎಂದರು. ನಾನು ಅದರ ಮೇಲೆ ದರ ಬರೆದೆ, ಹೆಬ್ಬೆರಳಿನಿಂದ ತಿಕ್ಕಿದೆ, ಅಳಿಸಲಿಲ್ಲ.

ಅವರು ಕಾರ್ಡುಗಳ ಮುದ್ರಣದ ಕೆಲಸವನ್ನು ಸೊಲ್ಲಾಪುರಕ್ಕೆ ಕಳಿಸುತ್ತಿದ್ದರು. ಅಲ್ಲಿಯ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಕನ್ನಡ ಅಕ್ಷರ ಇಲ್ಲದಿದ್ದರೆ ನಮ್ಮ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಹೊರಬೀಳುತ್ತದೆಂದು, ಬರಹವನ್ನು ಮೊದಲೇ ಚಿತ್ರರೂಪದ ಗೆರೆಗಳಿಗೆ, ಅವರ ಮಾತಿನಲ್ಲಿ ಕರ್ವ್‌ಗೆ, ಬದಲಿಸುತ್ತಾರೆ. ಹಾಗೆ ಬದಲಿಸಿದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲವಾದ್ದರಿಂದ ಪ್ರೂಫನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಲು ಅವರು ಬಿಡಲಿಲ್ಲ. ಸಾದಾ ಕಾಗದದ ಮೇಲೆ ನಿಜವಾದ ಅಳತೆಯಲ್ಲೇ ಮುದ್ರಿಸಿ, ಕತ್ತರಿಸಿ ಕೈಗಿತ್ತರು. ಅದನ್ನು ನೋಡುತ್ತಲೇ ಪ್ರೆಸ್ಸಿನ ಫೋನಿನಿಂದ ನಂಬರು ಒತ್ತಲು ಹೇಳಿದರು. ನನ್ನ ಕಿಸೆಯಲ್ಲಿ ಫೋನು ಮೊಳಗಿದ ಮೇಲೆಯೇ ಫೈಲು ಸೊಲ್ಲಾಪುರಕ್ಕೆ ಹೋಯಿತು.

ಈ ವರ್ಷ ಅದೇ ಪ್ರಾಂಗಣದಲ್ಲಿ ಅದೇ ವ್ಯಾಪಾರಿಗೆ ಹೊಸ ಕಾರ್ಡು ಕೊಟ್ಟೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು, ಕಾರ್ಡು ಹೊರಳಿಸಿದರು, ಪೆನ್ನು ಸರಾಗವಾಗಿ ಓಡಿತು. ಬರೆದ ದರವನ್ನು ಪಕ್ಕದಲ್ಲಿದ್ದವರಿಗೆ ಕಾಣದಂತೆ ಮುಚ್ಚಿ ನನ್ನ ಕೈಗೇ ಕೊಟ್ಟರು. ನಾನು ಅಂದುಕೊಂಡಿದ್ದಕ್ಕಿಂತ ಕಿಲೋಕ್ಕೆ ಎಂಟು ರೂಪಾಯಿ ಕಡಿಮೆ ಇತ್ತು. ಕಿಸೆಯಿಂದ ಇನ್ನೊಂದು ಕಾರ್ಡು ತೆಗೆದು, ಅದರ ಹಿಂದೆ ನನ್ನ ದರ ಬರೆದು ಅವರ ಕೈಗಿಟ್ಟೆ.