ಎಂಟನೇ ಲೇನಿನ ಹುಡುಗಿ: ನಮ್ಮ ಕಿರುಚಿತ್ರ ಎಲ್ಲಿಗೆ ಬಂತು

ಆರನೇ ಭಾನುವಾರದ ಶೂಟಿಂಗ್ ಮಳೆಯಿಂದ ಅರ್ಧಕ್ಕೇ ನಿಂತಿತು. ಭಾನುವಾರವೇ ಯಾಕೆ ಅಂತ ತುಂಬಾ ಜನ ಕೇಳಿದ್ದೀರಿ. ನಮ್ಮ ನಾಯಕಿ ಮೂಡಿಗೆರೆ ಕಡೆಯ ಒಂದು ತೋಟದ ಕೂಲಿಕಾರರ ಲೈನ್ ಮನೆಯ ಹುಡುಗಿ, ಜೊತೆಗೆ ಅವಳ ಅಪ್ಪನೂ ಬರಬೇಕು, ಬೇರೆ ದಿನ ಬಂದರೆ ಅವರ ಕೂಲಿ ಹೋಗುತ್ತದೆ. ಭಾನುವಾರವೂ ಸಂತೆ ಮುಗಿಸಿಕೊಂಡೇ ಬರುತ್ತಾರೆ.

ಕಥೆ ಇಷ್ಟೇ. ಅಸ್ಸಾಮಿನಿಂದ ಕಾಫಿ ತೋಟಕ್ಕೆ ಬಂದ ಮನೆಯ ರೂಪಾಲಿ 400 ಮೀಟರ್ ಓಡುತ್ತಾಳೆ. ಗೋಡೆ ಮೇಲೆ ಹಿಮಾ ದಾಸ್ ಫೋಟೋ. 2018ರಲ್ಲಿ ಫಿನ್‌ಲೆಂಡಿನ ತಾಂಪೆರೆಯಲ್ಲಿ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ 51.46 ಸೆಕೆಂಡಿನಲ್ಲಿ ಗೆದ್ದ, ಅಸ್ಸಾಮಿನ ಧಿಂಗ್ ಊರಿನ ಹುಡುಗಿ. ಆ ಓಟವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ, ಕೊನೆಯ ನೇರ ದಾರಿಗೆ ಬರುವವರೆಗೂ ಅವಳು ಹಿಂದೆಯೇ ಇರುತ್ತಾಳೆ.

ಇಷ್ಟೆಲ್ಲ ನೋಡಿಯೂ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಕ್ಲೈಮ್ಯಾಕ್ಸ್‌ನಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಂತು ಓಡುತ್ತಾರೆ ಅಂತ ಬರೆದಿದ್ದೆ. ಸ್ಕ್ರಿಪ್ಟ್ ಓದಿದ ಪಿಟಿ ಮೇಷ್ಟ್ರು ನಕ್ಕುಬಿಟ್ಟರು. ಹೊರಗಿನ ಲೇನಿನ ಸುತ್ತು ಉದ್ದ, ಅದಕ್ಕೇ ಎಂಟನೇ ಲೇನಿನವಳು ಮೊದಲನೇ ಲೇನಿಗಿಂತ ಸುಮಾರು 53 ಮೀಟರ್ ಮುಂದೆ ನಿಲ್ಲುತ್ತಾಳೆ. ತಿರುವು ದಾಟುವವರೆಗೂ ಅವಳಿಗೆ ಒಬ್ಬರೂ ಕಾಣುವುದಿಲ್ಲ, ಬರೀ ಹಿಂದಿನ ಹೆಜ್ಜೆ ಸದ್ದು. ಶಾಲೆಯ 200 ಮೀಟರ್ ಮೈದಾನದಲ್ಲಿ ಮೊಣಕೈ ತಾಗಿಸಿಕೊಂಡು ಎರಡು ಸುತ್ತು ಓಡಿ ಕಲಿತವಳು, ಇಲ್ಲಿ ಒಬ್ಬಳೇ! ಆ ರಾತ್ರಿಯೇ ಕೂತು ಕ್ಲೈಮ್ಯಾಕ್ಸ್ ಪೂರ್ತಿ ತಿದ್ದಿದೆ. ಈಗ ಕ್ಯಾಮೆರಾ ಅವಳ ಮುಂದೆಯೇ ಇರುತ್ತದೆ, ಪಕ್ಕದವರು ಯಾರೂ ಫ್ರೇಮಿನಲ್ಲಿ ಇಲ್ಲ.

ಮೊದಲಿದ್ದ ಇನ್ನೊಂದು ಸೀನ್ ಕಿತ್ತುಹಾಕಿದೆ, ಕಥೆಯ ಮೇಷ್ಟ್ರು ಉದ್ದುದ್ದ ಮಾತಾಡಿ ರೂಪಾಲಿಯನ್ನು ಕಾಪಾಡುವ ಸೀನ್. ಬ್ರಿಟನ್ನಿನ ಓಟಗಾರ ಮೋ ಫರಾ ಬೇರೆ ಹುಡುಗನ ಹೆಸರಿನಲ್ಲಿ ತನ್ನನ್ನು ಬ್ರಿಟನ್ನಿಗೆ ಕರೆತಂದಿದ್ದರು ಅಂತ 2022ರಲ್ಲಿ ಹೇಳಿದರಲ್ಲ, ಚಿಕ್ಕವರಿದ್ದಾಗ ಅದನ್ನು ಅವರು ಬಾಯಿಬಿಟ್ಟದ್ದು ಪಿಟಿ ಮೇಷ್ಟ್ರ ಹತ್ತಿರ. ಆ ಮೇಷ್ಟ್ರು ಮಾಡಿದ್ದು ಭಾಷಣವಲ್ಲ, ಕಾಗದಪತ್ರದ ಓಡಾಟ. ನಮ್ಮ ಕಥೆಯಲ್ಲಿ ಅಷ್ಟು ದೊಡ್ಡ ಗುಟ್ಟೇನಿಲ್ಲ, ಆಧಾರ್‌ನಲ್ಲಿ ರೂಪಾಲಿ, ಶಾಲೆಯ ದಾಖಲೆಯಲ್ಲಿ ರೂಪಲ. ಆದರೆ ತಾಲ್ಲೂಕು ಕೂಟದ ಟೇಬಲ್ ಹತ್ತಿರ ಅವಳನ್ನು ತಡೆಯೋಕೆ ಅಷ್ಟು ಸಾಕು, ಅಲ್ವಾ? ಈಗ ಮೇಷ್ಟ್ರು ಮಾತಿಲ್ಲದೆ ಜೆರಾಕ್ಸ್ ಅಂಗಡಿಯ ಕ್ಯೂನಲ್ಲಿ ನಿಂತಿರುತ್ತಾರೆ.

ಸೌಂಡ್ ಮಾತ್ರ ತಲೆನೋವು. ಜೀರುಂಡೆ ಸದ್ದಿನಲ್ಲಿ ಅಪ್ಪ ಮಗಳ ಮಾತು ಕೇಳುವುದೇ ಇಲ್ಲ, ಡಬ್ಬಿಂಗ್ ಮಾಡಲೇಬೇಕು. ರೂಪಾಲಿ ಅಪ್ಪನ ಜೊತೆ ಅಸ್ಸಾಮಿ, ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಹಿಂದಿ, ಗೆಳತಿಯರ ಜೊತೆ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾಳೆ. ಸಬ್‌ಟೈಟಲ್ ಹಾಕಿದರೆ ಎಲ್ಲ ಒಂದೇ ಥರ ಕಾಣುತ್ತದೆ, ಅದಕ್ಕೆ ಇನ್ನೂ ದಾರಿ ಹೊಳೆದಿಲ್ಲ.

ಉಳಿದಿರುವುದು ಓಟದ ನಾಲ್ಕು ಶಾಟ್. ಅರೇಬಿಕಾ ಕಾಫಿ ಕೊಯ್ಲು ಜೋರಾದರೆ ಭಾನುವಾರವೂ ಸಿಗುವುದಿಲ್ಲ. ಮಳೆಗೆ ಲೇನಿನ ಗೆರೆಯೆಲ್ಲ ತೊಳೆದುಹೋಗಿದೆ, ಶನಿವಾರ ಇನ್ನೆರಡು ಚೀಲ ಸುಣ್ಣದ ಪುಡಿ ತರಬೇಕು.