ಕರೆಂಟು ಬಂದ ಮೇಲೆ ಸಾಯುವ ಚಿಪ್ಪು

ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಮನೆ ಒಕ್ಕಲು ಜಾಸ್ತಿ, ಹಾಗಾಗಿ ಏಪ್ರಿಲ್ ಮೇ ತಿಂಗಳಲ್ಲಿ ನನಗೆ ನೇಮ್ ಬೋರ್ಡಿನ ಆರ್ಡರೂ ಜಾಸ್ತಿ. ಹಲಸಿನ ಹಲಗೆ, ಮೇಲೆ ಕನ್ನಡ, ಕೆಳಗೆ ಸಣ್ಣದಾಗಿ ಮಲಯಾಳ. ಅಡಿಕೆ ತೋಟದ ಕೆಲಸದ ನಡುವೆ ನಾನೇ ಕೂತು ಮಾಡಿದ, ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಸಣ್ಣ ಸಿಎನ್‌ಸಿ ಮೆಷಿನ್ ಉಂಟು, ಹಳೇ ಪ್ಯಾರಲಲ್ ಪೋರ್ಟಿನ ಕಂಪ್ಯೂಟರು, ಅದರಲ್ಲಿ ಮೆಷಿನ್ ಓಡಿಸುವ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 23 ಸೈಜಿನ ಮೂರು ಸ್ಟೆಪ್ಪರ್ ಮೋಟರು, ಮತ್ತೆ ಒಬ್ಬರು ಬಳಸಿ ಬಿಟ್ಟ ಮೂರು ಆಕ್ಸಿಸಿನ (ಎಕ್ಸ್, ವೈ, ಜೆಡ್ ಅಂತ ಮೂರು ದಿಕ್ಕು), ಮೋಟರುಗಳನ್ನು ಓಡಿಸುವ ಡ್ರೈವರ್ ಬೋರ್ಡು. ಬೋರ್ಡಲ್ಲಿ ಇರೋದು ತೋಶಿಬಾದ ಟಿಬಿ6560ಎಎಚ್‌ಕ್ಯೂ ಚಿಪ್ಪು, ಆಕ್ಸಿಸಿಗೆ ಒಂದರ ಹಾಗೆ ಮೂರು.

ಒಂದು ವರ್ಷದಲ್ಲಿ ಎರಡು ಚಿಪ್ಪು ಹೋಗಿತ್ತು. ಎರಡು ಸಲವೂ ಸೆಕೆಯಿಂದ ಅಂತಲೇ ನಾನು ತಿಳ್ಕೊಂಡದ್ದು. ಫ್ಯಾನ್ ಹಾಕಿದೆ, ಹೀಟ್‌ಸಿಂಕಿನ ಪೇಸ್ಟ್ ತೆಗೆದು ಹೊಸದು ಹಚ್ಚಿದೆ, ಬೋರ್ಡಿನ ಸಣ್ಣ ಡಿಪ್ ಸ್ವಿಚ್ಚಲ್ಲಿ ಮೋಟರಿಗೆ ಹೋಗುವ ಕರೆಂಟ್ 75 ಪರ್ಸೆಂಟಿಗೆ ಇಳಿಸಿದೆ. ಆ ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ 0.2 ಓಮ್, ಈ ಚಿಪ್ಪಿಗೆ 0.5 ವೋಲ್ಟನ್ನು ಅದರಿಂದ ಭಾಗಿಸಿದ್ರೆ ಪೂರ್ತಿ ಕರೆಂಟ್ ಸಿಗ್ತದೆ, 2.5 ಆಂಪ್. 75 ಅಂದ್ರೆ ಎರಡರ ಹತ್ತಿರ. ಅಷ್ಟಕ್ಕೆ ಚಿಪ್ಪು ಸುಡಬಾರದು.

ಆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಗುಡುಗು ಶುರುವಾಯ್ತು, ಕರೆಂಟು ಹೋಯ್ತು. ‘ಶ್ರೀನಿಲಯ’ ಅಂತ ಕೆತ್ತುವ ಬೋರ್ಡು, ಶ್ರೀ ಅರ್ಧ ಆಗಿತ್ತು. ಮುಕ್ಕಾಲು ಗಂಟೆ ಬಿಟ್ಟು ಕರೆಂಟು ಬಂತು, ನಾನು ಒಳಗೆ ಚಾ ಕುಡಿದು ಬಂದು ಕಂಪ್ಯೂಟರ್ ಆನ್ ಮಾಡಿ, ಹೋಮ್ ಮಾಡಿ (ಅಂದ್ರೆ ಮೆಷಿನಿಗೆ ಶುರುವಿನ ಜಾಗ ತೋರಿಸಿ), ನಿಂತಲ್ಲಿಂದ ಪ್ರೋಗ್ರಾಂ ಓಡಿಸಿದೆ. ಎಕ್ಸ್ ಹೋಯ್ತು. ವೈ ಹೋಗ್ಲಿಲ್ಲ. ವೈ ಮೋಟರಿನಿಂದ ಗುಂಯ್ ಅಂತ ಒಂದು ಸದ್ದು, ಶಾಫ್ಟು ನಿಂತಲ್ಲೇ ಆಚೆ ಈಚೆ ನಡುಗ್ತಾ ಇತ್ತು. ನಾನು ಸ್ಟಾಪ್ ಒತ್ತುವಷ್ಟರಲ್ಲಿ ಕೆತ್ತುವ ವಿ-ಬಿಟ್ಟು ಶ್ರೀ ಮೇಲಿಂದ ಹಲಗೆಯ ಅಂಚಿನವರೆಗೆ ನೇರ ಗೀರು ಎಳೆದುಬಿಟ್ಟಿತ್ತು. ಸ್ಟೆಪ್ಪರ್ ಮೋಟರು ತಿರುಗಿತಾ ಇಲ್ವಾ ಅಂತ ವಾಪಸ್ ಹೇಳುವ ವ್ಯವಸ್ಥೆ ಇಂಥ ಮೆಷಿನ್ನಲ್ಲಿ ಇಲ್ಲ, ಕಂಪ್ಯೂಟರು ತನ್ನ ಲೆಕ್ಕದಲ್ಲಿ ವೈ ಸರಿಯಾಗಿ ಹೋಗ್ತಾ ಉಂಟು ಅಂತಲೇ ತೋರಿಸ್ತಾ ಇತ್ತು. ನನಗೆ ಹೊಟ್ಟೆಯೊಳಗೆ ಚುರುಕ್ ಅಂತು, ಗುರುವಾರ ಒಕ್ಕಲು, ಬುಧವಾರ ಸಂಜೆ ಕೊಡಬೇಕು.

ನಡುಗುವ ಸದ್ದು ಕೇಳಿದ್ರೆ ಅರ್ಧ ರೋಗ ಗೊತ್ತಾಗ್ತದೆ. ಮೋಟರಲ್ಲಿ ಎರಡು ಕಾಯಿಲ್, ಒಂದಕ್ಕೆ ಕರೆಂಟ್ ಹೋಗಿ ಇನ್ನೊಂದಕ್ಕೆ ಹೋಗದಿದ್ರೆ ಹೀಗೆ ದಿಕ್ಕಿಲ್ಲದೆ ನಡುಗ್ತದೆ. ಆದ್ರೂ ಚಿಪ್ಪಿನ ಮೇಲೆ ಹಾಕುವ ಮೊದಲು ವಯರು, ಮೋಟರು ನೋಡಲೇಬೇಕು. ಎಲ್ಲ ಆಫ್ ಮಾಡಿ (ಪವರ್ ಇರುವಾಗ ಮೋಟರಿನ ಕನೆಕ್ಟರ್ ಎಳೆದ್ರೆ ಆ ಏಟಿಗೇ ಒಳ್ಳೆ ಚಿಪ್ಪೂ ಹೋಗ್ಬಹುದು, ಇದನ್ನು ದಯವಿಟ್ಟು ಯಾರೂ ಮಾಡ್ಬೇಡಿ) ವೈ ಮೋಟರನ್ನು ಎಕ್ಸಿನ ಜಾಗಕ್ಕೆ ಹಾಕಿದೆ. ಚೆಂದ ತಿರುಗ್ತು. ಎಕ್ಸಿನ ಮೋಟರನ್ನು ವೈ ಜಾಗಕ್ಕೆ ಹಾಕಿದ್ರೆ ಅದೂ ಗುಂಯ್. ಅಲ್ಲಿಗೆ ಬೋರ್ಡೇ ಅಂತ ಆಯ್ತು. ಮತ್ತೆ ಮೋಟರೆಲ್ಲ ಬಿಡಿಸಿ, ಮೀಟರನ್ನು ಡಯೋಡ್ ಮೋಡಿಗೆ ಹಾಕಿ, ಕೆಂಪು ಪ್ರೋಬ್ ಗ್ರೌಂಡಿಗೆ, ಕಪ್ಪು ಒಂದೊಂದೇ ಔಟ್‌ಪುಟ್ ಪಿನ್ನಿಗೆ ಮುಟ್ಟಿಸಿದೆ. ಎಕ್ಸ್ ಮತ್ತು ಜೆಡ್ ಚಿಪ್ಪಿನ ನಾಲ್ಕೂ ಪಿನ್ನಲ್ಲಿ 0.5ರ ಆಸುಪಾಸು. ವೈ ಚಿಪ್ಪಲ್ಲಿ ಮೂರು ಪಿನ್ನು ಹಾಗೇ, ನಾಲ್ಕನೇದಕ್ಕೆ ಮುಟ್ಟಿಸಿದ ಕೂಡ್ಲೆ 0.00. ಒಳಗಿನ ಟ್ರಾನ್ಸಿಸ್ಟರು ಪೂರ್ತಿ ಶಾರ್ಟು.

ಮೀಟರ್ ಹಿಡ್ಕೊಂಡು ಹಾಗೇ ಕೂತಿದ್ದೆ. ಮೂರನೇ ಚಿಪ್ಪು. ಆಗಲೇ ಮತ್ತೊಮ್ಮೆ ಕರೆಂಟು ಹೋಗಿ ಐದು ನಿಮಿಷದಲ್ಲಿ ಬಂತು, ಅಂಗಳದಿಂದ ಅಪ್ಪ ಹೇಳಿದ್ರು, “ಕರೆಂಟು ಬಂತು, ಪಂಪು ಹಾಕಿ ಬರ್ತೇನೆ” ಅಂತ. ಅಪ್ಪ ಇದನ್ನು ದಿನಕ್ಕೆ ನಾಲ್ಕು ಸಲ ಹೇಳ್ತಾರೆ, ಯಾಕಂದ್ರೆ ತೋಟದ ಪಂಪಿನ ಸ್ಟಾರ್ಟರು ಕರೆಂಟು ಹೋದ ಕೂಡ್ಲೆ ಬಿಟ್ಟುಬಿಡ್ತದೆ, ವಾಪಸ್ ಬಂದ್ರೆ ತನ್ನಷ್ಟಕ್ಕೆ ಹಿಡಿಯೋದಿಲ್ಲ, ಯಾರಾದ್ರೂ ಹೋಗಿ ಹಸಿರು ಬಟನ್ ಒತ್ತಬೇಕು. ನನ್ನ ಮೆಷಿನ್ನಲ್ಲಿ ಹಾಗಿಲ್ಲ. ಕರೆಂಟು ಬಂದ ಕೂಡ್ಲೆ ಮೋಟರಿಗೆ ಪವರ್ ಕೊಡುವ 24 ವೋಲ್ಟಿನ ಎಸ್‌ಎಂಪಿಎಸ್ ತನ್ನಷ್ಟಕ್ಕೆ ಆನ್. ಆದ್ರೆ ಚಿಪ್ಪಿನ ಲಾಜಿಕ್ಕಿಗೆ ಬೇಕಾದ 5 ವೋಲ್ಟು? ಬೋರ್ಡಿನ ರೆಗ್ಯುಲೇಟರ್ ಹಳೇ ಯಜಮಾನರ ಕಾಲಕ್ಕೇ ಹೋಗಿತ್ತು, ಅವ್ರು ಅದನ್ನು ಬೈಪಾಸ್ ಮಾಡಿ ಕಂಪ್ಯೂಟರಿನ ಯುಎಸ್‌ಬಿಯಿಂದ 5 ವೋಲ್ಟ್ ಎಳೆದಿದ್ರು, ನಾನೂ ಹಾಗೇ ಬಿಟ್ಟಿದ್ದೆ. ಕಂಪ್ಯೂಟರು ನಾನು ಬಟನ್ ಒತ್ತುವವರೆಗೆ ಆಫ್. ಅಂದ್ರೆ ನಾನು ಚಾ ಕುಡಿಯುವಷ್ಟು ಹೊತ್ತೂ ಚಿಪ್ಪುಗಳ ಮೇಲೆ 24 ವೋಲ್ಟ್ ನಿಂತಿತ್ತು, ಅವಕ್ಕೆ ಏನು ಮಾಡ್ಬೇಕು ಅಂತ ಹೇಳುವ 5 ವೋಲ್ಟ್ ಇರ್ಲಿಲ್ಲ.

ಚಿಪ್ಪಿನ ಕಂಪೆನಿಯವರ ಡೇಟಾಶೀಟ್ ತೆಗೆದು ಓದಿದೆ. ಸ್ಪಷ್ಟ ಬರೆದಿದ್ದಾರೆ, ಮೊದಲು ಲಾಜಿಕ್ ಸಪ್ಲೈ ಕೊಡಿ, ಅದು ಸ್ಥಿರ ಆದ ಮೇಲೆ ಮೋಟರ್ ಸಪ್ಲೈ, ಆಫ್ ಮಾಡುವಾಗ ಮೊದಲು ಮೋಟರಿದ್ದು ತೆಗೀರಿ. ಕಾಯಿಲಿಗೆ ಕರೆಂಟ್ ಹರಿಸುವ ಚಿಪ್ಪಿನೊಳಗಿನ ಬ್ರಿಜ್ಜಲ್ಲಿ ಮೇಲೊಂದು ಕೆಳಗೊಂದು ಟ್ರಾನ್ಸಿಸ್ಟರು, ಎರಡೂ ಒಟ್ಟಿಗೆ ಆನ್ ಆದ್ರೆ 24 ವೋಲ್ಟ್ ನೇರ ಗ್ರೌಂಡಿಗೆ ಇಳೀತದೆ, ಹಾಗಾಗದಂತೆ ನೋಡ್ಕೊಳ್ಳೋದು ಲಾಜಿಕ್ಕಿನ ಕೆಲಸ. ಹಿಂದಿನ ಎರಡು ಚಿಪ್ಪು ಹೋದ ದಿನಗಳನ್ನು ನೆನಪು ಮಾಡ್ಕೊಂಡೆ, ಎರಡು ಸಲವೂ ಕರೆಂಟು ಹೋಗಿ ಬಂದಿತ್ತು. ಸೆಕೆ ಅಂತ ಫ್ಯಾನ್ ಇಟ್ಟದ್ದಕ್ಕೂ ಇದಕ್ಕೂ ಸಂಬಂಧವೇ ಇರ್ಲಿಲ್ಲ.

ಸ್ಪೇರ್ ಅಂತ ಆನ್‌ಲೈನಲ್ಲಿ ತರಿಸಿದ ಎರಡು ಚಿಪ್ಪು ಡಬ್ಬದಲ್ಲಿತ್ತು. ಎರಡರಲ್ಲೂ ಒಂದೇ ನಂಬರ್, ಒಂದೇ ಅಕ್ಷರ. ಆದ್ರೆ ಲೆನ್ಸ್ ಹಿಡಿದು ನೋಡಿದ್ರೆ ಒಂದರ ಪಿನ್ನುಗಳ ಬುಡದಲ್ಲಿ ಹಳೇ ಸೋಲ್ಡರಿನ ಕಣ, ಹಿಂದಿನ ಲೋಹದ ತಗಡಿನಲ್ಲಿ ಗೀರು. ತಂಗಿಯ ನೈಲ್ ಪಾಲಿಶ್ ರಿಮೂವರಲ್ಲಿ ಹತ್ತಿ ಅದ್ದಿ ಮೇಲೆ ಉಜ್ಜಿದೆ, ಹತ್ತಿ ಕಪ್ಪಾಯ್ತು, ಅಕ್ಷರ ಮಾಯ, ಅದರಡಿ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ ಗುರುತು. ಎಲ್ಲಿಂದಲೋ ಕಿತ್ತು ಹೊಸ ಹೆಸರು ಹಾಕಿ ಮಾರಿದ್ದು. ದುಡ್ಡು ಕೊಟ್ಟು ಕೊಂಡವನ ಕೆಲಸ ಹಾಳಾಗ್ತದೆ ಅಂತ ಅವರಿಗೆ ಅನಿಸೋದಿಲ್ವಾ? ಇನ್ನೊಂದನ್ನು ಉಜ್ಜಿದೆ, ಅದರ ಅಕ್ಷರ ಅಲ್ಲಾಡ್ಲಿಲ್ಲ.

25 ಪಿನ್ನಿನ ಚಿಪ್ಪನ್ನು ಇಡಿಯಾಗಿ ಬಿಸಿ ಮಾಡಿ ಎಳೆಯಲಿಕ್ಕೆ ಹೋಗ್ಬಾರದು, ಬೋರ್ಡಿನ ತಾಮ್ರವೂ ಎದ್ದು ಬರ್ತದೆ. ಹೇಗೂ ಸತ್ತದ್ದು ಅಂತ ಕಟ್ಟರಲ್ಲಿ ಪಿನ್ನೆಲ್ಲ ಕತ್ತರಿಸಿದೆ, ಆಮೇಲೆ ಒಂದೊಂದೇ ತುಂಡನ್ನು ಬಿಸಿ ಮಾಡಿ ಚಿಮಟದಲ್ಲಿ ಎತ್ತಿದೆ, ತೂತುಗಳಲ್ಲಿದ್ದ ಸೋಲ್ಡರನ್ನು ಸೋಲ್ಡರ್ ಪಂಪಲ್ಲಿ ಎಳೆದು ಸ್ವಚ್ಛ ಮಾಡಿ, ಅಕ್ಷರ ಅಲ್ಲಾಡದ ಆ ಚಿಪ್ಪನ್ನು ಕೂರಿಸಿ ಸೋಲ್ಡರ್ ಮಾಡಿದೆ. ಮುಗಿಯುವಾಗ ರಾತ್ರಿ ಹನ್ನೊಂದೂವರೆ.

ಆದ್ರೆ ಆ ರಾತ್ರಿ ಪವರ್ ಕೊಡ್ಲಿಲ್ಲ. ಮರುದಿನ ಪೇಟೆಯಿಂದ ಸಣ್ಣ ಕಾಂಟ್ಯಾಕ್ಟರು (ಪಂಪಿನ ಸ್ಟಾರ್ಟರಿನೊಳಗೆ ಇರುವಂಥ ಸ್ವಿಚ್ಚು), ಹಸಿರು ಕೆಂಪು ಪುಶ್ ಬಟನ್ ತಂದು, ಪಂಪಿನ ಸ್ಟಾರ್ಟರಿನ ಮುಚ್ಚಳ ತೆಗೆದು ಅದರ ವಯರಿಂಗ್ ನೋಡಿ ಅದೇ ರೀತಿ ಎಸ್‌ಎಂಪಿಎಸ್ಸಿನ ಲೈನಿಗೆ ಹಾಕಿದೆ. ಬೋರ್ಡಿಗೆ 5 ವೋಲ್ಟಿನ ಬೇರೆ ಅಡಾಪ್ಟರ್ ಕೊಟ್ಟೆ, ಕರೆಂಟು ಹೋದಾಗ 5 ವೋಲ್ಟು ಸ್ವಲ್ಪ ತಡವಾಗಿ ಬೀಳ್ಲಿ ಅಂತ ಅದರ ಲೈನಲ್ಲಿ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಕೂಡ. ಈಗ ಕರೆಂಟು ಎಷ್ಟು ಸಲ ಬಂದ್ರೂ ನಾನು ಹಸಿರು ಒತ್ತದೆ 24 ವೋಲ್ಟು ಬರೋದಿಲ್ಲ.

ಸೋಮವಾರ ಸಂಜೆ ಹಲಗೆಯನ್ನು ಕೀಸುಳಿ ಹಾಕಿ ಕೆತ್ತಿದ ಆಳದಷ್ಟೂ ಹೆರೆದೆ, ಗೀರು ಹೋಯ್ತು, ಹಲಸಿನ ಹಳದಿ ಮತ್ತೆ ಮೇಲೆ ಬಂತು. ಶ್ರೀ ಮೊದಲಿಂದ ಶುರು ಮಾಡಿದೆ. ನಡುವೆ ಒಂದು ಸಲ ಕರೆಂಟು ಹೋಯ್ತು, ಬಂತು, ಅಪ್ಪ ತೋಟಕ್ಕೆ ಇಳಿದ್ರು, ನಾನು ಮೊದಲು ಕಂಪ್ಯೂಟರು, ಆಮೇಲೆ ಹಸಿರು ಬಟನ್. ಹೋಮ್ ಮಾಡಿ ಓಡಿಸಿದೆ. ವೈ ಆಕ್ಸಿಸು ಶ್ರೀಯ ಬಾಲವನ್ನು ಪೂರ್ತಿ ಎಳೆದು, ತಿರುಗಿ, ‘ನಿ’ಗೆ ಹೋಯ್ತು.